ನಾಲ್ಕನೆಯ ಅರ್ಥ

ಬೆಳಗಿನಿಂದ ಮುತ್ತಣ್ಣ ಆ ಶಬ್ದವನ್ನು ಮೂರು ಸಲ ಫೋನಿನಲ್ಲಿ ಹುಡುಕಿದ್ದ. ಹುಡುಕುವ ಅಗತ್ಯವೇನೂ ಇರಲಿಲ್ಲ. ಗದಗಿನ ಆ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವನಿಗೆ 'ವಾಂಟನ್' ಎಂಬುದರ ಅರ್ಥಗಳು ಬಾಯಿಪಾಠ. ಮಗುವಿನ ಬಗ್ಗೆ ಹೇಳಿದರೆ ತುಂಟತನ. ಬಳ್ಳಿಯ ಬಗ್ಗೆ ಹೇಳಿದರೆ ಯಾರೂ ಸವರದೆ ಸೊಕ್ಕಿ ಹಬ್ಬಿದ್ದು. ಹಾನಿಯ ಬಗ್ಗೆ ಹೇಳಿದರೆ ಕಾರಣವಿಲ್ಲದೆ, ಬೇಕೆಂದೇ ಮಾಡಿದ್ದು. ಹೆಣ್ಣಿನ ಬಗ್ಗೆ ಹೇಳಿದರೆ ಏನೆಂಬುದು ನಾಲ್ಕನೆಯದು. ಅಲ್ಲಿಗೆ ಬಂದಾಗ ಅವನ ಹೆಬ್ಬೆರಳು ತಾನಾಗಿ ಪರದೆಯನ್ನು ಮೇಲೆ ತಳ್ಳಿಬಿಡುತ್ತಿತ್ತು. ಆ ನಾಲ್ಕನೆಯದು ಯಾವುದಾದರೂ ಒಂದು ನಿಘಂಟಿನಲ್ಲಾದರೂ ಬಿಟ್ಟುಹೋಗಿರಬಹುದೇ ಎಂದು ನೋಡುವುದಕ್ಕೇ ಅವನು ಹುಡುಕುತ್ತಿದ್ದ. ಯಾವುದರಲ್ಲೂ ಬಿಟ್ಟುಹೋಗಿರಲಿಲ್ಲ. ಒಂದರಲ್ಲಿ ಮಾತ್ರ 'ಹಳೆಯ ಬಳಕೆ' ಎಂದಿತ್ತು. ಅದನ್ನು ಓದಿ ಒಂದು ಗಳಿಗೆ ಹಗುರಾದ. ಹಳೆಯದಾದರೆ ಸತ್ತದ್ದು, ಸತ್ತದ್ದು ಯಾರನ್ನೂ ಕಚ್ಚಲಾರದು ಎಂದುಕೊಂಡ. ಆಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ಜವಾನ ಗುಡುಸಾಬ ನಿಂತು, "ಸರ್ರ, ಆ ಹೆಣ್ಣಮಗಳು ಮತ್ತ ಬಂದಾಳ್ರಿ. ಎಂಟಕ್ಕ ಬಂದು ಕುಂತಾಳ" ಅಂದಾಗ, ಹಗುರಾದದ್ದು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಸಾವಕ್ಕ ಕಾರಿಡಾರಿನ ಬೆಂಚಿನ ತುದಿಯಲ್ಲಿ, ಪೂರ್ತಿ ಕೂತರೆ ಯಾರಾದರೂ ಎಬ್ಬಿಸಿಯಾರು ಎಂಬಂತೆ ಕೂತಿದ್ದಳು. ಮಲ್ಲಸಮುದ್ರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಸಕ್ರಪ್ಪನ ಹೆಂಡತಿ. ಅವಳ ಸೆರಗಿನ ಮಡಿಕೆಗಳಲ್ಲಿ, ಎಷ್ಟು ಝಾಡಿಸಿದರೂ ಹೋಗದ ಬಿಳಿಪು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮಗಳು ಪ್ರಿಯಾಂಕಾಳ ನಡತೆಯ ಪ್ರಮಾಣಪತ್ರ. ಅದನ್ನು ಅವಳು ತೆಗೆದು ತೋರಿಸಲಿಲ್ಲ. ಅವನಿಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿತ್ತು.

"ಇವತ್ತ ಕಡೀ ದಿನ್ರಿ ಸರ್ರ," ಅಂದಳು. "ನಾಗಾವಿ ಯುನಿವರ್ಸಿಟಿ ಲಿಸ್ಟಿನ್ಯಾಗ ಆಕಿದು ಹೆಸರು ಬಂದೈತಿ. ಸಂಜಿ ಐದರೊಳಗ ಕಾಗದಪತ್ರ ಒಯ್ದು ಕೊಡಬೇಕಂತ. ಅವರಪ್ಪ ಮಾರ್ಕ್ಸ್ ಕಾರ್ಡೆಲ್ಲಾ ಗಿರಣ್ಯಾಗಿನ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕ್ಯಾನ. ಇಂಥಾ ಮಾತು ಬರಸ್ಕೊಂಡು ಬಂದಾಕಿ ಇನ್ನ ಏನ ಕಲೀತಾಳ ಅಂತಾನ."

"ಯಾರು ಹೇಳಿದ್ರು ಅದರ ಅರ್ಥ?"

"ಜ್ವಾಳ ಬೀಸಾಕ ಬಂದಾವ ಒಬ್ಬಾಂವ ಫೋನ್ಯಾಗ ನೋಡಿ ಹೇಳಿದ್ನಂತ. ಮೂಗುದಾರ ಇಲ್ಲದ ಹೆಣ್ಣು ಅಂತ. ಗಿರಣ್ಯಾಗ ಹದಿನೈದು ಮಂದಿ ಇದ್ರು." ಅವಳು ದನಿ ಏರಿಸಲಿಲ್ಲ. "ಅದು ಖರೆ ಏನ್ರಿ? ನೀವ ಬರದದ್ದಂತಲ್ಲ."

"ಇಲ್ಲವ್ವ. ಆ ಅರ್ಥದಾಗ ಬರದಿಲ್ಲ. ಬೇಕಂತ ಮಾಡಿದ್ದು, ಅಷ್ಟ ಅದರ ಅರ್ಥ," ಅಂದ ಮುತ್ತಣ್ಣ. ಹೇಳುವಾಗ ತಾನು ಪಾಠ ಮಾಡುವ ದನಿಯಲ್ಲಿ ಹೇಳುತ್ತಿರುವುದು ಅವನಿಗೇ ಕೇಳಿಸಿತು. ಅವಳು ತಲೆಯಾಡಿಸಿದಳು, ನಂಬಿದಳು, ನಂಬಿದ್ದು ಮುಖದಲ್ಲಿ ಕಂಡಿತು. ಅದನ್ನೇ ಅವನಿಂದ ತಡೆಯಲಾಗಲಿಲ್ಲ. ಆ ಶಬ್ದದ ಬೇರು ಈ ನಾಲ್ಕಕ್ಕಿಂತ ಹಳೆಯದು. ಸರಿಯಾಗಿ ಸಾಕಿ ತಿದ್ದದೆ ಬಿಟ್ಟ ಮಗು ಎಂಬುದು ಅದರ ಮೊದಲ ಅರ್ಥ. ಹಾಗೆ ನೋಡಿದರೆ ಅವನು ಬೈದದ್ದು ಈ ಬೆಂಚಿನ ತುದಿಯಲ್ಲಿ ಕೂತವಳನ್ನು.

ಪ್ರಮಾಣಪತ್ರ ಬದಲಿಸಿಕೊಡಿ ಎಂದು ಕೇಳಲು ಹೋದಾಗ ಪ್ರಿನ್ಸಿಪಾಲ ಹುಚ್ಚೀರಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಾ ಏನ ಸ್ವಂತ ಬರದೇನೇನ್ರಿ?" ಅಂದರು. "ನಿಮ್ಮ ವರದಿಯೊಳಗ ಇದ್ದದ್ದನ್ನ ಇಳಿಸೇನಿ. ನಿಮ್ಮ ಇಂಗ್ಲೀಷಿನ ಮ್ಯಾಲೆ ನಂಬಿಕಿ ಇಟ್ಟು. ಈಗ ಅದು ಹಂಗಲ್ಲ ಹಿಂಗ ಅಂದ್ರ ಹ್ಯಾಂಗ?" ಆ ವರದಿ ಮುತ್ತಣ್ಣನದೇ. ಕೊನೆಯ ಸೆಮಿಸ್ಟರಿನ ಕೊನೆಯ ದಿನ ಹುಡುಗಿಯರು ಬಣ್ಣ ಎರಚಾಡಿಕೊಂಡು ಓಡುವಾಗ ನೋಟಿಸ್ ಬೋರ್ಡಿನ ಗಾಜು ಒಡೆದಿತ್ತು. ಆರು ಮಂದಿಯ ಹೆಸರು. ಐದು ಮಂದಿ ಅಳುತ್ತ ತಪ್ಪಾಯಿತು ಅಂದರು, ಅವರ ನಡತೆ 'ಉತ್ತಮ' ಆಯಿತು. ಪ್ರಿಯಾಂಕಾ ಮಾತ್ರ, "ನಾ ಒಡದಿಲ್ರಿ ಸರ್, ನೋಡಿಕೋತ ನಿಂತಿದ್ದೆ" ಅಂದು, ತಪ್ಪೊಪ್ಪಿಗೆಯ ಕಾಗದದಲ್ಲಿ ಅವನು ಬರೆಸಿದ್ದ ಇಂಗ್ಲಿಷ್ ವಾಕ್ಯ ಓದಿ ನಕ್ಕುಬಿಟ್ಟಿದ್ದಳು. ಅವನು ಆ ಸಂಜೆ ಕೂತು ವರದಿ ಬರೆದ. ಐವರಿಗೆ 'ಮಿಸ್‌ಚಿಫ್' ಎಂದು ಬರೆದ ಲೇಖನಿ ಆರನೆಯವಳ ಹೆಸರಿನ ಮುಂದೆ ನಿಂತಿತು. ಎಷ್ಟು ಹೊತ್ತು ನಿಂತಿತು? ಈಗ ನೆನೆದರೆ ಬಹಳ ಹೊತ್ತು ಅನ್ನಿಸುತ್ತದೆ. ಲೇಖನಿ ನಿಲ್ಲದೆಯೇ 'ವಾಂಟನ್' ಎಂದು ಬರೆದಿದ್ದರೆ ಅವಸರದಲ್ಲಿ ಬರೆದೆ ಅನ್ನಬಹುದಿತ್ತು.

ಸ್ಟಾಫ್ ರೂಮಿಗೆ ಬಂದು ಒಂದು ಹಾಳೆ ತೆಗೆದು, ಸದರಿ ಶಬ್ದವನ್ನು 'ಉದ್ದೇಶಪೂರ್ವಕ' ಎಂಬ ಅರ್ಥದಲ್ಲಿ ಮಾತ್ರ ಬಳಸಲಾಗಿದೆ ಎಂದು ಬರೆದ. ಓದಿದ. 'ಮಾತ್ರ' ಎಂಬುದರ ಮೇಲೆ ಕಣ್ಣು ನಿಂತಿತು. ಫ್ಯಾನಿನ ಗಾಳಿಗೆ ಹಾಳೆಯ ಅಂಚು ಏಳುತ್ತಿತ್ತು, ಅದರ ಮೇಲೆ ಫೋನು ಇಟ್ಟ. ಆ ವರದಿಗೂ ಎರಡು ವರ್ಷ ಹಿಂದೆ, ಮಧ್ಯಾಹ್ನದ ಕೊನೆಯ ತಾಸಿನಲ್ಲಿ, ಭೂಕಂಪದ ಬಗ್ಗೆ ಒಂದು ಪಾಠ ಓದುತ್ತ, ಅವಶೇಷ ಎಂಬ ಅರ್ಥದ ಶಬ್ದವನ್ನು ಅವನು 'ಡೆಬ್ರಿಸ್' ಅಂದಿದ್ದ. ಮೂರನೆಯ ಬೆಂಚಿನಿಂದ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದ ನಗುವಲ್ಲ. ತುಂಬಿದ ಕೊಡ ಉರುಳಿದ ಹಾಗೆ, ಹೊರಟ ಮೇಲೆ ಯಾರ ಕೈಯಲ್ಲೂ ಇಲ್ಲದ್ದು. "ಏನದು?" ಅಂದ. ಪ್ರಿಯಾಂಕಾ ಎದ್ದು ನಿಂತು, ಕಣ್ಣು ಒರೆಸಿಕೊಂಡು, "ಸರ್, ಕಡೀದು ಎಸ್ ಅನ್ನೂದಿಲ್ರಿ. ಡೆಬ್ರಿ ಅಂತಾರ್ರಿ" ಅಂದಳು. ಸರಿಯಾಗಿಯೇ ಅಂದಳು. ಅವನು ಇಡೀ ತರಗತಿಗೆ ಮುಖ ಮಾಡಿ ಮತ್ತೆ ಗಟ್ಟಿಯಾಗಿ 'ಡೆಬ್ರಿಸ್' ಅಂದ, ಮುಂದೆ ಓದಿದ, ಅದೇ ಪುಟದಲ್ಲಿ ಆ ಹಾಳು ಶಬ್ದ ಇನ್ನೂ ನಾಲ್ಕು ಸಲ ಬಂತು, ನಾಲ್ಕು ಸಲವೂ ಹಾಗೇ ಅಂದ. ಇಲ್ಲೇ ಗದಗ ಜಿಲ್ಲೆಯ ಮಾಗಡಿಯ ಕನ್ನಡ ಶಾಲೆಯಿಂದ ಬಂದವನು ಅವನು. ಇಂಗ್ಲಿಷನ್ನು ಕಿವಿಯಿಂದ ಕಲಿತವನಲ್ಲ, ಕಣ್ಣಿನಿಂದ ಕಲಿತವನು. ಕೆರೆದಂಡೆಯಲ್ಲಿ ಕೂತು, ಹೊರದೇಶದ ಬಾತುಗಳು ಗದ್ದಲ ಮಾಡುತ್ತಿದ್ದಾಗ, ಹರಿದ ನಿಘಂಟಿನ ದಿನಕ್ಕೊಂದು ಪುಟ ಉರು ಹೊಡೆದು ಕಲಿತವನು. ಆ ಪುಟಗಳಲ್ಲಿ ಯಾರೂ ಶಬ್ದಗಳನ್ನು ಗಟ್ಟಿಯಾಗಿ ಅಂದು ತೋರಿಸಿರಲಿಲ್ಲ. ಆ ಸಂಜೆ ಹೆಂಡತಿ ಸುನಿತಾ, "ಒಂದ ಹುಡುಗಿ ನಕ್ಕಿದ್ದಕ್ಕ ಊಟ ಬಿಡ್ತಾರೇನ್ರಿ?" ಅಂದಿದ್ದಳು. ಹಸಿವಿಲ್ಲ ಅಂದಿದ್ದ. ಅಂದಿನಿಂದ ಆ ತರಗತಿಗೆ ಹೋಗುವ ಮುನ್ನ ಪ್ರತಿ ಶಬ್ದದ ಉಚ್ಚಾರವನ್ನು ಫೋನಿನಲ್ಲಿ ಕೇಳಿಕೊಂಡು ಹೋಗತೊಡಗಿದ. ಪಾಠ ಮಾಡುತ್ತ ಅವನ ಕಿವಿ ಸದಾ ಮೂರನೆಯ ಬೆಂಚಿನ ಕಡೆ. ಅವಳು ಬಹುಶಃ ಅದನ್ನು ಮರೆತೇಬಿಟ್ಟಿದ್ದಳು.

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದಾಗ ಸಾವಕ್ಕ ಎದ್ದು ನಿಂತಳು. "ಹೊಸಾ ಕಾಗದ ಆಮ್ಯಾಲೆ ಇರ್ಲಿ ಬಿಡ್ರಿ. ಮೊದಲ ನೀವ ಬಂದು ಅವಂಗ ಬಾಯಿಲೆ ಹೇಳ್ರಿ. ಇಂಗ್ಲೀಷ್ ಕಲಿಸಿದವರು ಹೇಳಿದ್ರ ನಂಬತಾನ." ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಳ್ಳುವುದೋ ಬೇಡವೋ ಎಂದು ಅವನು ಯೋಚಿಸುವುದರೊಳಗೆ ಅವಳು ಟಂಟಂ ರಿಕ್ಷಾ ಹತ್ತಿ ಹೊರಟಿದ್ದಳು. ಅವನು ಹಿಂದೆ ಹಿಂದೆ ಹೋದ. ಬಿಸಿಲು ಏರಿತ್ತು. ಹೇಳಬೇಕಾದ ಮಾತನ್ನು ಹೆಲ್ಮೆಟ್ಟಿನೊಳಗೆ ಅಂದುಕೊಳ್ಳುತ್ತ ಹೋದ. ಅಲ್ಲಿ ಅದು ಗುಂಯ್ ಎಂದು ತನ್ನ ಕಿವಿಗೇ ಹಿಂದಿರುಗಿ, ಬೇರೆ ಯಾರೋ ಹೇಳಿದಂತೆ, ಸುಳ್ಳಿನಂತೆ ಕೇಳಿಸುತ್ತಿತ್ತು.

ಗಿರಣಿಯಲ್ಲಿ ಆರೇಳು ಹೆಂಗಸರು ಡಬ್ಬಿ, ಚೀಲ ಸಾಲಾಗಿಟ್ಟು ಕೂತಿದ್ದರು. ಯಂತ್ರದ ಪಟ್ಟಾ ಹೊಡೆದುಕೊಳ್ಳುತ್ತ ತಿರುಗುವ ಸದ್ದಿಗೆ ಗೋಡೆಯೇ ನಡುಗುತ್ತಿತ್ತು. ಸಕ್ರಪ್ಪ ತಲೆಗೆ ಟವೆಲ್ ಸುತ್ತಿಕೊಂಡು, ಹುಬ್ಬು ಮೀಸೆ ಎಲ್ಲಾ ಹಿಟ್ಟು ಮೆತ್ತಿ, ಜೋಳ ಸುರಿಯುತ್ತಿದ್ದ. ಹೆಂಡತಿ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಕೂಗಿದಳು. ಅವನು ತಿರುಗಿ ಮುತ್ತಣ್ಣನನ್ನು ನೋಡಿ ಕೈ ಮುಗಿದ, ಮುಗಿದ ಕೈಯಿಂದಲೇ ಡಬ್ಬಿ ಸರಿಸಿದ, ಗಿರಣಿ ನಿಲ್ಲಿಸಲಿಲ್ಲ.

"ಹೇಳ್ರಿ ಸರ್ರ," ಎಂದು ಕೂಗಿದ.

"ಆ ಶಬ್ದ ಐತಲ್ರಿ, ಅದಕ್ಕ ಆ ಅರ್ಥ ಇಲ್ಲ," ಎಂದು ಮುತ್ತಣ್ಣ ಕೂಗಿದ.

"ಹಾಂ?"

"ಆ ಅರ್ಥ ಇಲ್ರಿ. ಬೇಕಂತ ಮಾಡಿದ್ದು ಅಂತ ಅಷ್ಟ."

"ಮತ್ತ ಫೋನ್ಯಾಗ ಐತೆಲ್ರಿ? ಅಂವ ಓದಿ ತೋರಿಸಿದ್ನಲ್ಲ. ಅಂವ ಓದಿದ್ದು ಸುಳ್ಳೇನು?"

ಗಿರಣಿಗೆ ಹೊಂದಿಕೊಂಡೇ ಇದ್ದ ಮನೆಯ ಬಾಗಿಲಿಗೆ ಪ್ರಿಯಾಂಕಾ ಬಂದು ನಿಂತಿದ್ದಳು. ಮನೆಯಲ್ಲಿ ಉಡುವ ಹಳೆಯ ಚೂಡಿದಾರ, ಕೂದಲು ಬಾಚಿರಲಿಲ್ಲ. ಅವಳು ಸಿಟ್ಟಿನಿಂದ ನೋಡಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಪರೀಕ್ಷೆಯ ದಿನ, ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಬೇರೆಯವರು ಏನು ಹೇಳುತ್ತಾರೋ ಕೇಳೋಣ ಎಂದು ಕಾಯುವವರ ಹಾಗೆ ನೋಡುತ್ತಿದ್ದಳು. ಅವಳು ನಿಘಂಟು ನೋಡಿದ್ದಾಳೆ. ನಾಲ್ಕೂ ಅರ್ಥ ಓದಿದ್ದಾಳೆ. ಯಾರ ಬಗ್ಗೆ ಹೇಳುತ್ತೀರಿ ಎನ್ನುವುದರ ಮೇಲೆ ಶಬ್ದದ ಅರ್ಥ ನಿಲ್ಲುತ್ತದೆ ಎಂದು ಹಲಗೆಯ ಮೇಲೆ ಬರೆದು ಕಲಿಸಿದವನು ತಾನೇ. ಮುತ್ತಣ್ಣನ ಕೈ ಜೇಬಿನೊಳಗಿನ ಹಾಳೆಯನ್ನು ಮುದ್ದೆ ಮಾಡಿತು. ಆಮೇಲೆ ಆದದ್ದು ಅವನು ಮಾಡಿದ್ದೋ ಅವನಿಂದ ಆದದ್ದೋ ಅವನಿಗೆ ಇಂದಿಗೂ ಹೇಳಲು ಬರುವುದಿಲ್ಲ. ಸದ್ದಿನ ಮೇಲೆ ದನಿ ಏರಿಸಿ, ಏರಿಸಿ, ಕೂಗತೊಡಗಿದ: ಅರ್ಥ ಇದೆ, ಫೋನಿನಲ್ಲಿದ್ದದ್ದು ಸುಳ್ಳಲ್ಲ, ತನಗೆ ಗೊತ್ತಿತ್ತು, ಗೊತ್ತಿದ್ದೇ ಬರೆದೆ, ಯಾರಾದರೂ ಕೇಳಿದರೆ ಇನ್ನೊಂದು ಅರ್ಥದ ಹಿಂದೆ ಅಡಗಿಕೊಳ್ಳಬಹುದು ಎಂದು ಗೊತ್ತಿದ್ದೇ ಬರೆದೆ ಎಂದು. ಅದೇ ಹೊತ್ತಿಗೆ ಕರೆಂಟು ಹೋಯಿತು. ಪಟ್ಟಾ ನಾಲ್ಕು ಸುತ್ತು ಸುತ್ತಿ ನಿಂತಿತು. ಆ ಮೌನದೊಳಕ್ಕೆ ಅವನ ಉಳಿದ ವಾಕ್ಯ ಅದೇ ಎತ್ತರದ ದನಿಯಲ್ಲಿ ಬಂದು ಬಿತ್ತು.

"ನಿಮ್ಮ ಮಗಳು ನಗತಾಳಲ್ಲ, ಆ ನಗು ಎರಡು ವರ್ಷ ನನ್ನ ತಲ್ಯಾಗಿಂದ ಹೋಗಲಿಲ್ಲ."

 ಹಿಟ್ಟು ಬಾಗಿಲಿನ ಬಿಸಿಲಕೋಲಿನಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಸಕ್ರಪ್ಪ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಒರೆಸಿದ ಕಡೆ ಕರಿ ಚರ್ಮ ಕಂಡಿತು. ಬಹಳ ಸಣ್ಣ ದನಿಯಲ್ಲಿ, "ಅಂದ್ರ?" ಅಂದ. "ನಮ್ಮ ಹುಡುಗಿ ನಗೂದನ್ನ ಎರಡು ವರ್ಷ ನೋಡಿಕೋತ ಕುಂತಿದ್ರೇನು?"

ಹಾಗಲ್ಲ, ಅನ್ನಲು ಮುತ್ತಣ್ಣ ಬಾಯಿ ತೆರೆದ. ಹಾಗಲ್ಲ ಎಂದರೆ ಹೇಗೆ ಎಂದು ಹೇಳಬೇಕಾಗುತ್ತದೆ. ಸಾಲಿನಲ್ಲಿ ಕೂತ ಹೆಂಗಸರ ಕಣ್ಣುಗಳು ಅವನ ಮೇಲೆ ಒಮ್ಮೆ, ಹುಡುಗಿಯ ಮೇಲೆ ಒಮ್ಮೆ ಹರಿದಾಡಿದವು. ಒಂದು ಶಬ್ದವನ್ನು ತೊಳೆಯಲು ಬಂದವನು ಅದರ ಮೇಲೆ ಇನ್ನೊಂದು ಕೊಡ ಕೊಳಕು ಸುರಿದಿದ್ದೇನೆ ಎಂದು ಅವನಿಗೆ ಹೊಳೆಯಿತು. ಇಪ್ಪತ್ತೆರಡು ವರ್ಷದಲ್ಲಿ ತರಗತಿಯಲ್ಲಿ ಒಮ್ಮೆಯೂ ದನಿ ಎತ್ತಿದವನಲ್ಲ ಎಂಬ ಹೆಮ್ಮೆ ಇತ್ತು ಅವನಿಗೆ. 

ಪ್ರಿಯಾಂಕಾ ಹೊಸ್ತಿಲು ದಾಟಿ ಗಿರಣಿಯೊಳಗೆ ಬಂದಳು.

"ಅಪ್ಪ, ನಾ ಹೇಳ್ತೀನಿ ಕೇಳು. ಸರ್ ಒಂದಿನ ಒಂದು ಶಬ್ದ ತಪ್ಪು ಅಂದ್ರು. ನಾ ನಕ್ಕೆ. ಎಲ್ಲಾರ ಮುಂದ ನಕ್ಕೆ. ಅವರಿಗೆ ಅದು ಹತ್ತಿತು. ಸೇಡು ಇಟ್ಟುಕೊಂಡು ಇದನ್ನ ಬರದ್ರು. ಇಷ್ಟ ಐತಿ, ಇದರಾಗ ಮತ್ತೇನೂ ಇಲ್ಲ." ಆಮೇಲೆ ಅವನ ಕಡೆ ತಿರುಗಿ, "ಹೌದಲ್ರಿ ಸರ್?" ಅಂದಳು.

ಸೇಡು. ಪ್ರಮಾಣಪತ್ರ ಕೊಟ್ಟ ಮೂರು ವಾರದಿಂದ ಅವನು ಈ ಶಬ್ದದ ಸುತ್ತಲೇ ತಿರುಗಿದ್ದ. ಎರಡಕ್ಷರ, ಒಂದೇ ಅರ್ಥ. "ಹೌದು," ಅಂದ.

ಸಾಲಿನ ಮೊದಲಲ್ಲಿ ಕೂತಿದ್ದ ಮುದುಕಿ ಹನಮಂತವ್ವ ತನ್ನ ಡಬ್ಬಿಯ ಮುಚ್ಚಳ ತೆಗೆದು, ಜೋಳ ನೋಡಿ, ಮತ್ತೆ ಮುಚ್ಚಿದಳು. "ಹುಡುಗಿ ನಕ್ಕಳಂತ ಹೇಳಾಕ ಇಷ್ಟ ದೊಡ್ಡ ಇಂಗ್ಲೀಷ್ ಬೇಕಾತೇನ ತಮ್ಮಾ?" ಅಂದಳು. ಹೆಂಗಸರು ನಕ್ಕರು. ಕೆಟ್ಟ ನಗುವಲ್ಲ, ಅವನ ಕಡೆ ತಿರುಗಿದ ನಗು. ಸಂಜೆಯೊಳಗೆ ಮಲ್ಲಸಮುದ್ರದ ಮನೆಮನೆಗೆ ಹಿಟ್ಟಿನ ಜೊತೆ ಹೋಗುವುದು ತನ್ನ ಹೆಸರು, ಅವಳದಲ್ಲ ಎಂದು ಮುತ್ತಣ್ಣನಿಗೆ ಅರ್ಥವಾಯಿತು. ಅದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಿವಿ ಸುಡುತ್ತಿತ್ತು, ಆ ಮುದುಕಿಯ ಮೇಲೆ ಸಿಟ್ಟು ಬಂದಿತ್ತು, ಈಗಲೂ ಸಿಟ್ಟು ಬರುತ್ತದಲ್ಲ ಎಂದು ಅದರ ಮೇಲೊಂದು ಸಿಟ್ಟು.

ಕರೆಂಟು ಬಂತು.  ಸಕ್ರಪ್ಪ ಸ್ವಿಚ್ಚು ಒತ್ತಿ ಬೆನ್ನು ತಿರುಗಿಸಿದ. ಗಿರಣಿಯ ಸದ್ದು ಮತ್ತೆ ತುಂಬಿಕೊಂಡಿತು. ಸಾವಕ್ಕ ಗಂಡನ ಉಡದಾರಕ್ಕೆ ಕೈ ಹಾಕಿ ಕೀಲಿ ಬಿಚ್ಚಿಕೊಂಡಳು. ಅವನು ಎರಡೂ ಕೈಯಿಂದ ಚೀಲ ಹಿಡಿದು ನಿಂತಿದ್ದ, ತಡೆಯಲಿಲ್ಲ. ಟ್ರಂಕು ತೆಗೆದು ಮಾರ್ಕ್ಸ್ ಕಾರ್ಡುಗಳ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿ, ಮಗಳಿಗೆ, "ಜಲ್ದಿ ತಲಿ ಹಿಕ್ಕೋ" ಅಂದಳು.

ಕಾಲೇಜಿಗೆ ಬಂದಾಗ ಎರಡೂವರೆ. ಹುಚ್ಚೀರಪ್ಪನವರು ಎಲ್ಲವನ್ನೂ ಕೇಳಿ, ತಾಯಿ ಮಗಳನ್ನು ಕೂರಿಸಿ, ಮುತ್ತಣ್ಣನನ್ನು ನಿಲ್ಲಿಸಿಯೇ, "ಹೊಸಾದು ಕೊಡ್ತೀನಿ, ಅದೇನ ದೊಡ್ಡದಲ್ಲ" ಅಂದರು. "ಆದ್ರ ವರದಿ ತಪ್ಪು ಅಂತ ನೀವು ಬರದು ಕೊಡಬೇಕು. ಅದು ನಿಮ್ಮ ಫೈಲಿನ್ಯಾಗ ಕುಂಡ್ರತೈತಿ. ನಾಳೆ ಆಡಳಿತ ಮಂಡಳಿಯವರು ಕೇಳಿದ್ರ ನನ್ನ ತಲಿ ಮ್ಯಾಲೆ ಬರಬಾರದು ನೋಡ್ರಿ." ಮುಂದಿನ ವರ್ಷ ವಿಭಾಗದ ಮುಖ್ಯಸ್ಥನಾಗಬೇಕಾದವನು ಮುತ್ತಣ್ಣ. ಮೇಜಿನ ಅಂಚಿಗೆ ಬಗ್ಗಿ ಬರೆಯತೊಡಗಿದ. ಇಂಗ್ಲಿಷಿನಲ್ಲಿ ಬರೆದ. ಅಚಾತುರ್ಯದಿಂದ ಎಂಬ ಅರ್ಥದ ಒಂದು ಶಬ್ದ ತಾನಾಗಿ ಬಂತು, ಬಹಳ ಸಭ್ಯವಾದ ಶಬ್ದ. ಅದರ ಪಕ್ಕದಲ್ಲಿ ವಾಕ್ಯ ತನ್ನಷ್ಟಕ್ಕೆ ಕರ್ಮಣಿ ಪ್ರಯೋಗಕ್ಕೆ ತಿರುಗಿತು: ತಪ್ಪು ನುಸುಳಿತು, ಪದ ಬಳಕೆಯಾಯಿತು, ನುಸುಳಿಸಿದವನು ಯಾರೂ ಇಲ್ಲ. ಇಷ್ಟೆಲ್ಲ ಆದ ಮೇಲೂ ಕೈ ಹೀಗೆ ಓಡುತ್ತದಲ್ಲ ಎಂದು ಅವನಿಗೆ ಅಳು ಬಂದಂತಾಯಿತು. ಮೇಜಿನ ಆಚೆಯಿಂದ ತಲೆಕೆಳಗಾಗಿಯೇ ಆ ಸಾಲುಗಳನ್ನು ಓದುತ್ತಿದ್ದ ಪ್ರಿಯಾಂಕಾ, "ಸರ್," ಅಂದಳು. "ಕನ್ನಡದಾಗ ಬರೀರಿ."

ಮುತ್ತಣ್ಣ ಪ್ರಿನ್ಸಿಪಾಲರ ಮುಖ ನೋಡಿದ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಸಾವಕ್ಕ ಗೋಡೆಯ ಗಡಿಯಾರ ನೋಡುತ್ತಿದ್ದಳು. ಅವನು ಹೊಸ ಹಾಳೆ ತೆಗೆದುಕೊಂಡ. ಕನ್ನಡದಲ್ಲಿ ಬರೆದು ಎಷ್ಟು ವರ್ಷವಾಗಿತ್ತೋ, ಅಕ್ಷರ ದುಂಡಗೆ ಬರಲಿಲ್ಲ. ಈ ಹುಡುಗಿ ಗಾಜು ಒಡೆದಿಲ್ಲ. ನನಗೆ ಇವಳ ಮೇಲೆ ಸಿಟ್ಟಿತ್ತು. ಆ ಸಿಟ್ಟಿನಿಂದ, ಇವಳಿಗೆ ಕೆಟ್ಟ ಹೆಸರು ಬರುತ್ತದೆಂದು ಗೊತ್ತಿದ್ದೂ, ಆ ಶಬ್ದ ಬರೆದೆ. ಮೂರೇ ವಾಕ್ಯ. ಕೆಳಗೆ ಸಹಿ ಮಾಡಲು ಹೋಗಿ ನಿಂತ. ಅಭ್ಯಾಸದಂತೆ ಇಂಗ್ಲಿಷ್ ಸಹಿ ಬರುತ್ತಿತ್ತು. ಹೆಸರನ್ನು ಪೂರ್ತಿ ಕನ್ನಡದಲ್ಲಿ, ಶಾಲೆಯ ಹುಡುಗನಂತೆ ಬಿಡಿಬಿಡಿಯಾಗಿ ಬರೆದ. ಹುಚ್ಚೀರಪ್ಪನವರು ಓದಿ ಫೈಲಿಗೆ ಸೇರಿಸಿದರು. ಹೊಸ ಪ್ರಮಾಣಪತ್ರಕ್ಕೆ ಮೊಹರು ಬಿದ್ದಾಗ ಮೂರೂಮುಕ್ಕಾಲು.

ಗೇಟಿನಲ್ಲಿ ಗುಡುಸಾಬ ಆಟೋ ನಿಲ್ಲಿಸಿಕೊಂಡಿದ್ದ. ನಾಗಾವಿ ದೂರವೇನಲ್ಲ, ಆದರೆ ಕ್ಯಾಂಪಸ್ಸಿನಲ್ಲಿ ಯಾವ ಕಟ್ಟಡ, ಯಾವ ಕೌಂಟರು, ಯಾರನ್ನು ಕೇಳಬೇಕು ಎಂಬುದು ಮುತ್ತಣ್ಣನಿಗೆ ಗೊತ್ತಿತ್ತು. ಅಲ್ಲಿ ಅವನ ಪರಿಚಯದವರಿದ್ದರು. ಸ್ಕೂಟರಿನ ಕೀಲಿ ತೆಗೆದು, "ನಾನೂ ಬರ್ತೀನಿ. ಅಲ್ಲೆ ಏನರ ಕೇಳಿದ್ರ ನಾ ಹೇಳ್ತೀನಿ" ಅಂದ. ದಾರಿಯಲ್ಲಿ ಅಥವಾ ಆ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಾಗ ಅವಳಿಗೆ ಸರಿಯಾಗಿ ಒಂದು ಮಾತು ಹೇಳಬಹುದು ಅನ್ನಿಸಿತ್ತು. ಗಿರಣಿಯಲ್ಲಿ ಕೂಗಿದ್ದಲ್ಲ, ಹಾಳೆಯಲ್ಲಿ ಬರೆದದ್ದೂ ಅಲ್ಲ, ಇನ್ನೂ ಉಳಿದದ್ದು ಏನೋ ಇದೆ ಅನ್ನಿಸಿತ್ತು.

"ಬ್ಯಾಡ್ರಿ ಸರ್," ಅಂದಳು ಪ್ರಿಯಾಂಕಾ. ಸಿಟ್ಟಿನಿಂದಲ್ಲ, ಚಹಾ ಬೇಡ ಎನ್ನುವಂತೆ. "ನಾವ ಹೋಗ್ತೀವಿ."

ಸಾವಕ್ಕ ಮಾತ್ರ ಆಟೋದೊಳಗಿಂದ ಕೈ ಮುಗಿದಳು. ಯಾಕೆ ಮುಗಿದಳೋ. ಆಟೋ ಹೋದ ಮೇಲೂ ಮುತ್ತಣ್ಣ ಕೀಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಗುಡುಸಾಬ ಬಂದು, "ಸರ್ರ, ಫಸ್ಟ್ ಇಯರ್ ಹುಡುಗ್ಯಾರು ಕ್ಲಾಸಿನ್ಯಾಗ ಕಾಯಾಕತ್ತಾರ್ರಿ" ಅಂದ ಮೇಲೆ ಒಳಗೆ ಹೋದ.

ಅವಳಿಗೆ ಪ್ರವೇಶ ಸಿಕ್ಕಿತೆಂದು ಅವನಿಗೆ ತಿಳಿದದ್ದು ಹತ್ತು ದಿನದ ಮೇಲೆ, ಅದೂ ಕಚೇರಿಯ ಗುಮಾಸ್ತ ಇನ್ಯಾರಿಗೋ ಹೇಳುತ್ತಿದ್ದಾಗ ಕಿವಿಗೆ ಬಿದ್ದು. ಸಕ್ರಪ್ಪನೇ ದಿನಾ ಬೆಳಿಗ್ಗೆ ಬೈಕಿನ ಮೇಲೆ ಬಿಟ್ಟುಬರುತ್ತಾನಂತೆ, ಮಗಳ ಜೊತೆ ಮಾತಾಡುವುದಿಲ್ಲವಂತೆ, ಬಿಡುವುದನ್ನೂ ತಪ್ಪಿಸುವುದಿಲ್ಲವಂತೆ. ಆ ಸಂಜೆ ಮುತ್ತಣ್ಣ ಹಳೆಯ ತರಗತಿಯ ಪಟ್ಟಿಯಲ್ಲಿ ಅವಳ ನಂಬರು ಹುಡುಕಿ ಅಭಿನಂದನೆ ಎಂದು ಇಂಗ್ಲಿಷಿನಲ್ಲಿ ಬರೆದ, ಅಳಿಸಿದ. ಕನ್ನಡದಲ್ಲಿ ಬರೆದ, ಅದು ಒಂದು ಸಾಲಿನಿಂದ ಎಂಟು ಸಾಲಾಯಿತು, ಎಂಟರಲ್ಲಿ ಆರು ಸಾಲು ತನ್ನ ಬಗ್ಗೆಯೇ ಇದ್ದವು. ಕಳಿಸುವ ಗುರುತಿನ ಮೇಲೆ ಹೆಬ್ಬೆರಳು ನಿಂತಿತ್ತು. ಕಳಿಸಿದರೆ ತನಗೆ ನಿದ್ದೆ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವಳಿಗೆ ಅದರಿಂದ ಏನೂ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಒಂದೊಂದೇ ಅಕ್ಷರ ಅಳಿಸಿ, ಅವಳ ನಂಬರನ್ನೂ ತೆಗೆದು, ಫೋನನ್ನು ಮಗುಚಿಟ್ಟ. ಹೇಳಬೇಕೆನ್ನಿಸಿದ್ದೆಲ್ಲ ಒಳಗೇ ಉಳಿಯಿತು. ಇರಲಿ ಎಂದು ಬಿಟ್ಟ.